ದೆವ್ವಕ್ಕೂ ಒಂದು ಊರು ಬೇಡವೆ?

ಹ್ಯಾಲೊವೀನ್ ಎಂಬ ಹಬ್ಬ ನನಗೆ ಇಷ್ಟವಿಲ್ಲ. ಈ ಮಾತನ್ನು ಸುತ್ತಿ ಬಳಸಿ ಕೊನೆಯಲ್ಲಿ ಹೇಳುವುದಕ್ಕಿಂತ ಮೊದಲ ಸಾಲಿನಲ್ಲಿಯೇ ಹೇಳಿಬಿಡುವುದು ಓದುಗರಿಗೂ ಅನುಕೂಲ, ನನಗೂ ಕ್ಷೇಮ. ಅಕ್ಟೋಬರ್ 31ರ ಸಂಜೆ ಬೆಂಗಳೂರಿನ ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ, ಮಾಲುಗಳಲ್ಲಿ, ಕೆಲವು ಶಾಲೆಗಳಲ್ಲಿ ಈಗ ದೆವ್ವಗಳ ಉತ್ಸವ ನಡೆಯುತ್ತದೆ. ಕಿತ್ತಳೆ ಬಣ್ಣದ ತೋರಣ, ಪ್ಲಾಸ್ಟಿಕ್ ಜೇಡ, ರಬ್ಬರಿನ ತಲೆಬುರುಡೆ, ಹತ್ತಿ ಹಿಂಜಿ ಮಾಡಿದ ಜೇಡರ ಬಲೆ. ಮಕ್ಕಳು ಮುಖಕ್ಕೆ ಬಣ್ಣ ಬಳಿದುಕೊಂಡು, ಕೈಯಲ್ಲೊಂದು ಬುಟ್ಟಿ ಹಿಡಿದು, ಬಾಗಿಲಿಂದ ಬಾಗಿಲಿಗೆ ಹೋಗಿ ಚಾಕೊಲೇಟು ವಸೂಲು ಮಾಡುತ್ತಾರೆ. ಮರುದಿನ ನವೆಂಬರ್ 1. ಅದೇ ಸಭಾಂಗಣದಲ್ಲಿ ಅದೇ ಅಲಂಕಾರದವನು ಕಿತ್ತಳೆ-ಕಪ್ಪು ತೋರಣ ಬಿಚ್ಚಿ ಹಳದಿ-ಕೆಂಪು ತೋರಣ ಕಟ್ಟುತ್ತಾನೆ. ರಾತ್ರಿ ದೆವ್ವ, ಬೆಳಗ್ಗೆ ಭುವನೇಶ್ವರಿ! ಒಂದೇ ಏಣಿಯ ಬಾಡಿಗೆಯಲ್ಲಿ ಎರಡು ಕೆಲಸವೂ ಮುಗಿಯಿತೆಂದು ಸಂಘದ ಕಾರ್ಯದರ್ಶಿಯೊಬ್ಬರು ಸಂತೋಷಪಟ್ಟದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಇದರಲ್ಲಿ ಬಾಯಿ ಹಾಕಲು ನಿನಗೇನು ಅಧಿಕಾರವಪ್ಪಾ ಎಂದು ಯಾರಾದರೂ ಕೇಳಿಯಾರು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವುದು ನನ್ನ ವೃತ್ತಿ; ಸಣ್ಣಕಥೆ ಬರೆಯುವುದು ಹವ್ಯಾಸ. ಹವ್ಯಾಸವೆಂಬ ಮಾತನ್ನು ವಿನಯಕ್ಕಾಗಿ ಹೇಳುತ್ತಿಲ್ಲ, ಲೆಕ್ಕಕ್ಕಾಗಿ ಹೇಳುತ್ತಿದ್ದೇನೆ. ಭಾನುವಾರದ ಬೆಳಗ್ಗೆ ಎರಡು ಗಂಟೆ. ಉತ್ತರಪತ್ರಿಕೆಗಳ ಮೌಲ್ಯಮಾಪನ ಮುಗಿದ ಮೇಲೆ ರಜೆಯಲ್ಲಿ ಒಂದು ಹತ್ತು ದಿನ. ವರ್ಷಕ್ಕೆ ಎರಡು ಕಥೆ, ಹೆಚ್ಚೆಂದರೆ ಮೂರು. ಒಂದೆರಡು ದೀಪಾವಳಿ ವಿಶೇಷಾಂಕಗಳಲ್ಲಿ ಅಚ್ಚಾಗಿವೆ. ಉಳಿದವು ಸಂಪಾದಕರ ವಿಷಾದಪತ್ರದೊಡನೆ, ಈಚೀಚೆಗೆ ಅದೂ ಇಲ್ಲದೆ, ನನ್ನಲ್ಲಿಯೇ ಉಳಿದಿವೆ. ಇವುಗಳಲ್ಲಿ ಅರ್ಧಕ್ಕರ್ಧ ದೆವ್ವದ ಕಥೆಗಳು. ಆದ್ದರಿಂದ ದೆವ್ವಗಳ ಮೇಲೆ ನನಗೆ ದ್ವೇಷವಿಲ್ಲ. ಅವುಗಳ ಅನ್ನದ ಋಣ ಇಲ್ಲದಿದ್ದರೂ ಸಹವಾಸದ ಋಣ ಇದೆ. ಅವುಗಳ ಪರವಾಗಿಯೇ ಈ ವಕಾಲತ್ತು.

ಮೊದಲು ಒಂದು ಸ್ಪಷ್ಟನೆ. ಪ್ರೇಮಿಗಳ ದಿನದಂದು ಕೋಲು ಹಿಡಿದು ಬೀದಿಗಿಳಿಯುವ ಸಂಸ್ಕೃತಿರಕ್ಷಕರ ಸಾಲಿನಲ್ಲಿ ನನ್ನನ್ನು ದಯಮಾಡಿ ನಿಲ್ಲಿಸಬೇಡಿ. ಒಂದು ಆಚಾರ ಪರದೇಶದಿಂದ ಬಂತೆಂಬ ಮಾತ್ರಕ್ಕೆ ಅದು ಕೆಟ್ಟದ್ದು ಎನ್ನುವವರ ಜತೆ ನನಗೆ ಒಂದು ಕಾಫಿ ಕುಡಿಯುವಷ್ಟೂ ಒಮ್ಮತವಿಲ್ಲ. ಆ ಕಾಫಿಯೇ ಹೊರಗಿನಿಂದ ಬಂದದ್ದು ಎಂಬುದು ಹಾಗಿರಲಿ. ನನ್ನ ಹವ್ಯಾಸವಿದೆಯಲ್ಲ, ಆ ಸಣ್ಣಕಥೆ, ಅದೂ ಹೊರಗಿನಿಂದ ಬಂದದ್ದೇ. ಕಥೆ ನಮ್ಮಲ್ಲಿ ಹಿಂದಿನಿಂದಲೂ ಇತ್ತು. ಸಾವಿರ ವರ್ಷಗಳಷ್ಟು ಹಳೆಯ ವಡ್ಡಾರಾಧನೆ ಕಥೆಗಳದೇ ಕಣಜ. ಆದರೆ ಒಂದು ಪತ್ರಿಕೆಯ ನಾಲ್ಕು ಪುಟಗಳಲ್ಲಿ ಮುಗಿಯುವ, ದಿನನಿತ್ಯದ ಒಂದು ಸಣ್ಣ ಪ್ರಸಂಗದ ಮೇಲೆ ನಿಲ್ಲುವ, ನೀತಿ ಹೇಳದೆ ಎದ್ದುಹೋಗುವ ಈ ರೂಪ ಪಶ್ಚಿಮದ್ದು. ಪಂಜೆ ಮಂಗೇಶರಾಯರು, ಕೆರೂರು ವಾಸುದೇವಾಚಾರ್ಯರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ಕನ್ನಡಕ್ಕೆ ಪಳಗಿಸತೊಡಗಿದರು. 1920ರಲ್ಲಿ ಮಾಸ್ತಿಯವರ ‘ಕೆಲವು ಸಣ್ಣ ಕಥೆಗಳು’ ಹೊರಬಂದಾಗ ಅದು ನೆಂಟರಂತೆ ಬಂದುಹೋಗುವುದನ್ನು ಬಿಟ್ಟು ಮನೆಯವರಂತೆ ಒಳಕೋಣೆಯಲ್ಲಿ ಕುಳಿತಿತು.

ಇನ್ನೂ ಒಂದು ವಿಷಯ ಗಮನಿಸಬೇಕು. ಪಂಜೆಯವರು ಶಿಕ್ಷಣ ಇಲಾಖೆಯಲ್ಲಿ ಇದ್ದವರು. ಮಾಸ್ತಿಯವರು ಮೈಸೂರು ಸರ್ಕಾರದ ಅಧಿಕಾರಿ. ಕಥೆ ಇವರ ಸಂಬಳದ ಕೆಲಸವಾಗಿರಲಿಲ್ಲ. ಹಗಲು ಕಛೇರಿಯ ಕಾಗದಕ್ಕೆ ರುಜು ಹಾಕಿದ ಕೈ ರಾತ್ರಿ ಕಥೆ ಬರೆಯಿತು. ಕನ್ನಡದ ಸಣ್ಣಕಥೆಯ ಬಹುಭಾಗ ಹೀಗೆ ಮೇಷ್ಟ್ರುಗಳೂ ಗುಮಾಸ್ತರೂ ಬ್ಯಾಂಕಿನವರೂ ವೈದ್ಯರೂ ಬಿಡುವಿನ ವೇಳೆಯಲ್ಲಿ ಕಟ್ಟಿದ ಮನೆ. ಪರದೇಶದ ಒಂದು ರೂಪವನ್ನು ಹವ್ಯಾಸಿಗಳು ಭಾನುವಾರ ಭಾನುವಾರ ದುಡಿದು ಸ್ವದೇಶಿ ಮಾಡಿದರು.

ಅಷ್ಟೇ ಅಲ್ಲ. ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ದೀಪಾವಳಿ ವಿಶೇಷಾಂಕದ ವಂಶಾವಳಿಯನ್ನು ಸ್ವಲ್ಪ ಕೆದಕಿ ನೋಡಿ. ಇಂಗ್ಲೆಂಡಿನ ಪತ್ರಿಕೆಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರಿಸ್‌ಮಸ್‌ಗೆಂದು ವಿಶೇಷ ಸಂಚಿಕೆ ತರುತ್ತಿದ್ದವು. ಅದರಲ್ಲಿ ಕಥೆಗಳು, ಅದರಲ್ಲಿಯೂ ದೆವ್ವದ ಕಥೆಗಳು, ತಪ್ಪದೆ ಇರುತ್ತಿದ್ದವು. 1909ರಲ್ಲಿ ಕಾಶೀನಾಥ ರಘುನಾಥ ಮಿತ್ರರು ತಮ್ಮ ‘ಮನೋರಂಜನ’ ಪತ್ರಿಕೆಗೆ ದೀಪಾವಳಿಯ ಅಂಕ ತಂದರು. ಮರಾಠಿಯಲ್ಲಿ ಅದು ಸಂಪ್ರದಾಯವಾಯಿತು. ಕನ್ನಡದ ಪತ್ರಿಕೆಗಳೂ ಆ ದಾರಿ ಹಿಡಿದವು. ಕ್ರಿಸ್‌ಮಸ್ಸಿನ ಪತ್ರಿಕಾಪದ್ಧತಿಯೊಂದು ಹೀಗೆ ನರಕಚತುರ್ದಶಿಯ ಎಣ್ಣೆನೀರು ಹಾಕಿಸಿಕೊಂಡು ನಮ್ಮದಾಯಿತು. ಇಂದು ಅದನ್ನು ಪರಕೀಯವೆನ್ನುವ ಗಂಡು ಯಾರಿದ್ದಾರೆ? ಹಬ್ಬದ ಆಮದಿಗೆ ನಾನು ವಿರೋಧಿಯಾದರೆ ನನ್ನ ಕಥೆ ಅಚ್ಚಾಗುವ ಪುಟವನ್ನೇ ನಾನು ಹರಿದುಹಾಕಬೇಕಾಗುತ್ತದೆ.

ಹಾಗಾದರೆ ತಕರಾರು ಯಾವುದು? ಅಡುಗೆಮನೆಯ ಒಂದು ದೃಷ್ಟಾಂತದಿಂದ ಹೇಳುತ್ತೇನೆ. ಮೆಣಸಿನಕಾಯಿ ಅಮೆರಿಕ ಖಂಡದಿಂದ ಬಂದದ್ದು. ನಾವು ಹುಳಿಗೆ ಹಾಕುವ ಸಿಹಿಗುಂಬಳವೂ ಅಲ್ಲಿಯದೇ. ಆ ಜಾತಿಯ ಕಾಯಿಗಳ ತವರು ಅಮೆರಿಕ. ಇವನ್ನು ಯಾರೂ ಆಮದು ಎನ್ನುವುದಿಲ್ಲ. ಏಕೆ? ನಮ್ಮ ಅಜ್ಜಿಯರು ಅವನ್ನು ಹೆಚ್ಚಿದರು, ಬೇಯಿಸಿದರು, ತೆಂಗಿನಕಾಯಿ ಕೊತ್ತಂಬರಿ ರುಬ್ಬಿ ಹಾಕಿದರು, ಒಗ್ಗರಣೆ ಕೊಟ್ಟರು. ಹೊರಗಿನ ಪದಾರ್ಥಕ್ಕೆ ಒಳಗಿನ ಕೈ ಸೇರಿತು. ಅದೇ ಜಾತಿಯ ಕಾಯಿ ಈಗ ಅಕ್ಟೋಬರಿನಲ್ಲಿ ಮತ್ತೊಮ್ಮೆ ಬಂದಿದೆ, ಆದರೆ ಬೇಯುವುದಕ್ಕಲ್ಲ. ಅದಕ್ಕೆ ಕಣ್ಣು, ಮೂಗು, ಹಲ್ಲು ಕೊರೆದು ಮೇಜಿನ ಮೇಲಿಟ್ಟು, ಫೋಟೋ ತೆಗೆದು, ಮೂರನೆಯ ದಿನ ಕಸದ ಗಾಡಿಗೆ ಹಾಕುವುದಕ್ಕೆ. ಎಷ್ಟೋ ಕಡೆ ಕೊರೆಯುವ ತೊಂದರೆಯೂ ಇಲ್ಲ; ಪ್ಲಾಸ್ಟಿಕ್ ಗುಂಬಳ ಪೆಟ್ಟಿಗೆಯಲ್ಲಿ ಮನೆಬಾಗಿಲಿಗೆ ಬರುತ್ತದೆ. ಬೇಯಿಸಿದ ಎರವಲು ಒಂದು, ಬೇಯಿಸದ ಎರವಲು ಇನ್ನೊಂದು. ನನ್ನ ಜಗಳ ಎರಡನೆಯದರ ಜೊತೆ.

ಹ್ಯಾಲೊವೀನ್ ತನ್ನ ತವರಿನಲ್ಲಿ ಹೀಗಿರಲಿಲ್ಲ. ಐರ್ಲೆಂಡ್, ಸ್ಕಾಟ್ಲೆಂಡುಗಳ ಕೆಲ್ಟಿಕ್ ಜನಕ್ಕೆ ಅದು ‘ಸವಿನ್’ ಎಂಬ ಸಂಧಿಕಾಲ: ಸುಗ್ಗಿ ಮುಗಿದು ದೀರ್ಘವಾದ ಚಳಿಗಾಲದ ಕತ್ತಲೆ ಆರಂಭವಾಗುವ ಹೊತ್ತು, ದನಕರುಗಳನ್ನು ಬೆಟ್ಟದಿಂದ ಇಳಿಸಿಕೊಂಡು ಬರುವ ಕಾಲ. ಆ ರಾತ್ರಿ ಸತ್ತವರು ಮನೆಯ ಕಡೆ ಬರುತ್ತಾರೆಂಬ ನಂಬಿಕೆ ಅವರಲ್ಲಿತ್ತು. ಕ್ರೈಸ್ತಧರ್ಮ ಬಂದ ಮೇಲೆ ನವೆಂಬರ್ 1 ಸಕಲ ಸಂತರ ದಿನವೂ, ನವೆಂಬರ್ 2 ಸಕಲ ಆತ್ಮಗಳ ದಿನವೂ ಆಯಿತು. ಇಂಗ್ಲೆಂಡಿನಲ್ಲಿ ಬಡವರು ಆ ದಿನಗಳಲ್ಲಿ ಮನೆ ಮನೆಗೆ ಹೋಗಿ ‘ಆತ್ಮದ ರೊಟ್ಟಿ’ ಎಂಬ ಸಣ್ಣ ಸಿಹಿರೊಟ್ಟಿಯನ್ನು ಪಡೆಯುತ್ತಿದ್ದರು. ಅದಕ್ಕೆ ಪ್ರತಿಯಾಗಿ ಆ ಮನೆಯಲ್ಲಿ ತೀರಿಕೊಂಡವರಿಗಾಗಿ ಪ್ರಾರ್ಥಿಸುತ್ತಿದ್ದರು. ಎಂತಹ ಸುಂದರವಾದ ವ್ಯವಹಾರ, ನೋಡಿ! ಬಾಗಿಲಲ್ಲಿ ನಿಂತವನಿಗೆ ಹಸಿವಿದೆ. ಬಾಗಿಲು ತೆರೆದವನ ಮನೆಯಲ್ಲಿ ಒಂದು ಸಾವಿದೆ. ಇಬ್ಬರೂ ತಮ್ಮ ತಮ್ಮ ಕೊರತೆಯನ್ನು ವಿನಿಮಯ ಮಾಡಿಕೊಳ್ಳುತ್ತಾರೆ. ನಮ್ಮ ಪಿತೃಪಕ್ಷದ ಎಡೆಗೂ ಇದಕ್ಕೂ ಏನು ಬಹಳ ದೂರ?

1845ರಲ್ಲಿ ಆಲೂಗಡ್ಡೆಯ ರೋಗದಿಂದ ಐರ್ಲೆಂಡಿನಲ್ಲಿ ಮಹಾಕ್ಷಾಮ ಆರಂಭವಾಯಿತು. ಲಕ್ಷಾಂತರ ಜನ ಸತ್ತರು, ಲಕ್ಷಾಂತರ ಜನ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಹೋದವರು ತಮ್ಮ ಹಬ್ಬವನ್ನೂ ಹೊತ್ತುಕೊಂಡು ಹೋದರು. ಊರಿನಲ್ಲಿ ಟರ್ನಿಪ್ ಗೆಡ್ಡೆಯನ್ನು ಕೊರೆದು ದೀಪ ಇಡುತ್ತಿದ್ದರು. ಅಮೆರಿಕದಲ್ಲಿ ದಪ್ಪನೆಯ ಗುಂಬಳಕಾಯಿ ಧಾರಾಳವಾಗಿ ಸಿಕ್ಕಿತು, ಅದನ್ನು ಕೊರೆದರು. ಇಂದು ಜಗತ್ತೆಲ್ಲ ಹ್ಯಾಲೊವೀನ್ ಎಂದರೆ ಕುಂಬಳಕಾಯಿ ಎಂದು ತಿಳಿದಿದೆ. ಅದು ವಲಸೆಗಾರನೊಬ್ಬ ಹೊಸ ನೆಲದಲ್ಲಿ ಮಾಡಿಕೊಂಡ ಮಾರ್ಪಾಡು. ಅಂದರೆ ಅವರೂ ಬೇಯಿಸಿಕೊಂಡರು. ಅವರ ಗುಂಬಳದೊಳಗೆ ಉರಿದ ದೀಪದಲ್ಲಿ ಹಡಗಿನಲ್ಲಿ ಸತ್ತವರ, ಊರಿನಲ್ಲಿ ಬಿಟ್ಟುಬಂದವರ ನೆನಪು ಇದ್ದಿರಬೇಕೆಂದು ಊಹಿಸಲು ಕಥೆಗಾರನೇ ಆಗಬೇಕಿಲ್ಲ. ಮುಂದೆ 1930ರ ದಶಕದಲ್ಲಿ ಮಕ್ಕಳು ಮಿಠಾಯಿ ಕೇಳುವ ಪದ್ಧತಿ ಅಲ್ಲಿ ಹಬ್ಬಿತು. ಎರಡನೆಯ ಮಹಾಯುದ್ಧದಲ್ಲಿ ಸಕ್ಕರೆಗೆ ಪಡಿತರ ಬಂದು ಕುಂಠಿತವಾಯಿತು. ಯುದ್ಧ ಮುಗಿದ ಮೇಲೆ ಮಿಠಾಯಿ ಕಂಪನಿಗಳ ಕೃಪಾಕಟಾಕ್ಷದಿಂದ ಮತ್ತೆ ಚಿಗುರಿತು. ನಮಗೆ ಬಂದದ್ದು ಈ ಕೊನೆಯ ಅಧ್ಯಾಯ ಮಾತ್ರ. ಹಸಿವು ಬರಲಿಲ್ಲ, ಸಾವು ಬರಲಿಲ್ಲ, ಹಡಗು ಬರಲಿಲ್ಲ. ಚಾಕೊಲೇಟಿನ ಹೊದಿಕೆ ಬಂತು.

ಭಯಂಕರ ಮುಖಗಳ ಕೊರತೆ ನಮಗೆ ಇತ್ತೆಂದೂ ಅಲ್ಲ. ಬೆಂಗಳೂರಿನಲ್ಲಿ ಕಟ್ಟುತ್ತಿರುವ ಯಾವ ಮನೆಯ ಮುಂದಾದರೂ ನಿಂತು ತಲೆಯೆತ್ತಿ ನೋಡಿ: ಕೋರೆಹಲ್ಲು, ಹೊರಚಾಚಿದ ನಾಲಗೆ, ಹುರಿಮೀಸೆಯ ದೃಷ್ಟಿಬೊಂಬೆ ನಿಮ್ಮನ್ನು ದುರುಗುಟ್ಟಿಕೊಂಡು ನೋಡುತ್ತಿರುತ್ತದೆ. ಆಯುಧಪೂಜೆಯ ಮರುದಿನ ನಮ್ಮ ರಸ್ತೆಗಳಲ್ಲಿ ಕುಂಕುಮ ಸುರಿದ ಬೂದುಗುಂಬಳದ ಹೋಳುಗಳ ಮೇಲೆ ಸ್ಕೂಟರಿನವರು ಜಾರಿ ಬೀಳುತ್ತಾರೆ. ಈ ನಂಬಿಕೆಗಳನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಆ ಬೊಂಬೆಗೆ ಒಂದು ಉದ್ಯೋಗವಿದೆ. ಕೈಸಾಲ ಮಾಡಿ ಮನೆ ಕಟ್ಟಿಸುತ್ತಿರುವವನ ಭಯ ಅದರ ಹಿಂದಿದೆ. ಮಾಲಿನಲ್ಲಿ ತೂಗುವ ತಲೆಬುರುಡೆಯ ಹಿಂದೆ ಯಾರ ಭಯವಿದೆ? ಬೆಲೆಚೀಟಿ ಇದೆ.

ಇಲ್ಲಿ ನನ್ನ ಹವ್ಯಾಸದ ಅನುಭವವನ್ನು ಸ್ವಲ್ಪ ಹೇಳಬೇಕು. ದೆವ್ವದ ಕಥೆ ಬರೆಯುವವನಿಗೆ ಮೊದಲ ವಾಕ್ಯಕ್ಕೆ ಮುಂಚೆಯೇ ಮೂರು ಪ್ರಶ್ನೆ ಎದುರಾಗುತ್ತವೆ. ಸತ್ತವರು ಯಾರು? ಅವರಿಗೆ ಯಾರಿಂದ ಏನು ಬರಬೇಕಾಗಿತ್ತು? ಬಂದದ್ದು ಈ ಮನೆಗೇ ಏಕೆ? ಇವಕ್ಕೆ ಉತ್ತರವಿಲ್ಲದಿದ್ದರೆ ಎಷ್ಟು ಗಾಳಿ ಬೀಸಿಸಿದರೂ, ಎಷ್ಟು ನಾಯಿ ಊಳಿಡಿಸಿದರೂ ಓದುವವನ ಮೈ ಮೇಲೆ ಒಂದು ರೋಮವೂ ಏಳುವುದಿಲ್ಲ. ದೆವ್ವವೆಂದರೆ ತೀರದ ಲೆಕ್ಕ. ಹಂಚಿಕೆಯಲ್ಲಿ ಮೋಸಹೋದ ತಮ್ಮ, ಬಾಣಂತಿತನದಲ್ಲಿ ನೋಡಿಕೊಳ್ಳುವವರಿಲ್ಲದೆ ಹೋದ ಸೊಸೆ, ಮಗನ ಪತ್ರ ಕಾಯುತ್ತ ಕಣ್ಣು ಮುಚ್ಚಿದ ತಾಯಿ. ಇವರು ಬಂದು ನಿಂತರೆ ನಾವು ಬೆದರುವುದು ಅವರ ಕಾಲು ಹಿಂದುಮುಂದಾಗಿದೆ ಎಂದಲ್ಲ. ಅವರ ಮುಖ ನೋಡಲು ನಮಗೆ ಮುಖವಿಲ್ಲ ಎಂದು. ಅದಕ್ಕೇ ದೆವ್ವಕ್ಕೆ ಒಂದು ಊರು ಬೇಕು, ಒಂದು ಮನೆ ಬೇಕು, ಒಂದು ಹೆಸರು ಬೇಕು.

ನಲವತ್ತು ದಾಟಿದ ಓದುಗರಿಗೆ ‘ನಾಳೆ ಬಾ’ ನೆನಪಿರಬೇಕು. 1990ರ ದಶಕ, ನಾನಾಗ ಹುಡುಗ. ರಾತ್ರಿ ಹೊತ್ತು ಒಂದು ಹೆಣ್ಣುದೆವ್ವ ಬಂದು, ಮನೆಯವರದೇ ಧ್ವನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದವರು ಉಳಿಯುವುದಿಲ್ಲ ಎಂಬ ಗುಲ್ಲು ಬೆಂಗಳೂರಿನಲ್ಲಿಯೂ ಸುತ್ತಲ ಊರುಗಳಲ್ಲಿಯೂ ಹಬ್ಬಿತು. ಜನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದರು. ದೆವ್ವ ಓದಿಕೊಂಡು ಹಿಂದಿರುಗುತ್ತದೆ; ನಾಳೆ ಬಂದರೆ ಮತ್ತೆ ಅದೇ ಬರಹ. ಕನ್ನಡ ಓದಬಲ್ಲ, ಬರೆದ ಮಾತಿಗೆ ಬೆಲೆ ಕೊಡುವ ದೆವ್ವ! ನನ್ನ ಎಷ್ಟೋ ವಿದ್ಯಾರ್ಥಿಗಳ ಬಗ್ಗೆ ಈ ಮಾತು ಹೇಳಲಾರೆ. ನಂಬುವುದು ಬಿಡುವುದು ಬೇರೆ. ಆದರೆ ಎರಡೇ ಪದಗಳಲ್ಲಿ ಇಷ್ಟು ಪೂರ್ಣವಾದ ಸಣ್ಣಕಥೆಯನ್ನು ನಾನಿನ್ನೂ ಬರೆದಿಲ್ಲ. 2018ರಲ್ಲಿ ಹಿಂದಿಯವರು ಇದನ್ನೇ ಎತ್ತಿಕೊಂಡು ‘ಸ್ತ್ರೀ’ ಎಂಬ ಚಿತ್ರ ಮಾಡಿದರು. ಸುಮ್ಮನೆ ಎತ್ತಿಕೊಳ್ಳಲಿಲ್ಲ, ಅವಳನ್ನು ಮಧ್ಯಪ್ರದೇಶದ ಚಂದೇರಿಗೆ ಕರೆದೊಯ್ದು, ಅಲ್ಲಿಯ ಗೋಡೆಗಳ ಮೇಲೆ ಹಿಂದಿಯಲ್ಲಿ ಬರೆಸಿ, ಅವಳಿಗೊಂದು ಪೂರ್ವಕಥೆ ಕೊಟ್ಟರು. ಅದೂ ಬೇಯಿಸಿದ ಎರವಲೇ. ನಮ್ಮ ದೆವ್ವವನ್ನು ಇನ್ನೊಬ್ಬರು ತಮ್ಮ ಊರಿಗೆ ಒಗ್ಗಿಸಿಕೊಂಡರು. ನಾವು ಇನ್ನೊಬ್ಬರ ದೆವ್ವದ ಅಂಗಿಯನ್ನು ಮಾತ್ರ ಕೊಂಡು ತೊಟ್ಟುಕೊಂಡೆವು.

ಅಂಗಿಯಿಂದ ಆಗುವ ಅನಾಹುತವೇನು, ಮಕ್ಕಳ ಆಟವಲ್ಲವೆ ಎನ್ನುತ್ತೀರಾ? ಅನಾಹುತವನ್ನು ನಾನು ಕಾಗದದ ಮೇಲೆ ನೋಡಿದ್ದೇನೆ. ಒಂದು ವಸತಿ ಸಮುಚ್ಚಯದವರು ಈ ಹಬ್ಬದ ಅಂಗವಾಗಿ ಮಕ್ಕಳಿಗೆ ದೆವ್ವದ ಕಥೆಯ ಸ್ಪರ್ಧೆ ಏರ್ಪಡಿಸಿದ್ದರು. ಮೂವರು ತೀರ್ಪುಗಾರರು, ಕಥೆ ಬರೆಯುವ ಮೇಷ್ಟ್ರೆಂದು ನನ್ನನ್ನೂ ಕರೆದರು. ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಬರೆಯಬಹುದೆಂದು ನಿಯಮ. ಬಂದ ಮೂವತ್ತೊಂದು ಕಥೆಗಳಲ್ಲಿ ಕನ್ನಡದವು ನಾಲ್ಕು. ಅದಕ್ಕೆ ನಾನು ಅಳುವುದಿಲ್ಲ. ಅದು ಬೇರೆ ರಗಳೆ. ಆದರೆ ಯಾವ ಭಾಷೆಯಲ್ಲಿದ್ದರೂ ಮಕ್ಕಳ ದೆವ್ವಗಳು ಎಲ್ಲಿದ್ದವು ಕೇಳಿ. ಹಿಮ ಬೀಳುವ ಸ್ಮಶಾನದಲ್ಲಿ, ಗುಂಬಳದ ಹೊಲದ ನಡುವೆ ನಿಂತ ಮರದ ಬಂಗಲೆಯಲ್ಲಿ, ತೋಳಗಳು ಊಳಿಡುವ ಪೈನ್ ಕಾಡಿನಲ್ಲಿ. ಸತ್ತವರ ಹೆಸರು ಎಮಿಲಿ, ಜಾಕ್, ಮಿಸೆಸ್ ಏನೋ ಒಬ್ಬರು. ಬರೆದವರೆಲ್ಲ ಹಿಮವನ್ನು ಫ್ರಿಜ್ಜಿನಲ್ಲಿ ಮಾತ್ರ ಕಂಡ ಮಕ್ಕಳು. ಅವರಲ್ಲಿ ಯಾರಿಗೂ ಅಜ್ಜಿ ಸತ್ತಿರಲಿಲ್ಲವೆ? ಯಾರ ಊರಿನಲ್ಲೂ ಬೀಗ ಹಾಕಿದ ಮನೆ, ಪಾಳುಬಾವಿ, ಹುಣಸೆಮರ ಇರಲಿಲ್ಲವೆ? ಇದ್ದವು. ಆದರೆ ಅವು ದೆವ್ವದ ಯೋಗ್ಯತೆಗೆ ಸಾಲವೆಂದು ಯಾರೋ ಅವರಿಗೆ ಕಲಿಸಿಬಿಟ್ಟಿದ್ದರು.

ಒಂದೇ ಒಂದು ಕಥೆ ಬೇರೆಯಾಗಿತ್ತು. ಹತ್ತು ವರ್ಷದ ಹುಡುಗನದು, ಒಂದು ಪುಟ. ತಾತ ತೀರಿಕೊಂಡು ನಾಲ್ಕು ತಿಂಗಳಾಗಿದೆ. ತಾತನಿಗೆ ಕಿವಿ ಮಂದವಾಗಿತ್ತು. ಈಗಲೂ ಪ್ರತಿದಿನ ಸಂಜೆ ಏಳಕ್ಕೆ ಅಪ್ಪ ಟೀವಿಯಲ್ಲಿ ವಾರ್ತೆ ಹಾಕಿ, ಧ್ವನಿ ಜೋರು ಮಾಡಿ, ತಾನು ಒಳಗೆ ಹೋಗುತ್ತಾರೆ. ಕೋಣೆಯಲ್ಲಿ ಯಾರೂ ಇಲ್ಲ, ವಾರ್ತೆ ಕೂಗುತ್ತಿರುತ್ತದೆ. ಮುಗಿದ ಮೇಲೆ ಅಪ್ಪ ಬಂದು ಆರಿಸುತ್ತಾರೆ. ಒಂದು ದಿನ ಅಪ್ಪ ಬರುವುದು ತಡವಾಯಿತು; ಹುಡುಗ ತಾನೇ ಎದ್ದು ವಾರ್ತೆ ಹಾಕಿ, ಧ್ವನಿ ಜೋರು ಮಾಡಿ, ಒಳಗೆ ಹೋದ. ಅಷ್ಟೇ ಕಥೆ. ಓದಿ ಮುಗಿಸಿ ನಾನು ಕನ್ನಡಕ ತೆಗೆದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಇದಕ್ಕೆ ಮೊದಲ ಬಹುಮಾನವೆಂದು ನಾನು ಹೇಳಿದಾಗ ಉಳಿದಿಬ್ಬರೂ ಮುಖ ಮುಖ ನೋಡಿಕೊಂಡರು. ಒಬ್ಬರು ಬಹಳ ಸೌಜನ್ಯದಿಂದಲೇ ಹೇಳಿದರು: “ಆದರೆ ಇದರಲ್ಲಿ ದೆವ್ವವೇ ಇಲ್ಲವಲ್ಲ, ಸಾರ್. ಹ್ಯಾಲೊವೀನ್ ಥೀಮಿಗೆ ಹೊಂದುವುದಿಲ್ಲ.” ಎರಡಕ್ಕೆ ಒಂದು ಮತ. ಬಹುಮಾನ ಹಿಮದ ಸ್ಮಶಾನಕ್ಕೆ ಹೋಯಿತು.

ನನ್ನ ಸಿಟ್ಟು ಆ ತೀರ್ಪುಗಾರರ ಮೇಲಲ್ಲ. ಅವರು ನಿಯಮ ಪಾಲಿಸಿದರು. ಸಿಟ್ಟು ಆ ನಿಯಮದ ಮೇಲೆ. ಮನೆಯಲ್ಲಿ ನಿಜವಾಗಿ ಸತ್ತವರನ್ನು ನೆನೆದ ಮಗುವಿಗೆ ‘ಇದು ದೆವ್ವವಲ್ಲ’ ಎಂದೂ, ಯಾರೂ ಸಾಯದ ಕಡೆ ರಬ್ಬರಿನ ಅಸ್ಥಿಪಂಜರ ಕುಣಿಸಿದ ಮಗುವಿಗೆ ‘ಇದೇ ದೆವ್ವ’ ಎಂದೂ ಹೇಳುವ ಹಬ್ಬ ಮಕ್ಕಳಿಗೆ ಏನನ್ನು ಕಲಿಸುತ್ತದೆ? ಸಾವೆಂಬುದು ಒಂದು ಅಲಂಕಾರ ಎಂದು ಕಲಿಸುತ್ತದೆ. ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಈಗ ಅಜ್ಜ ಸತ್ತರೆ ಮಕ್ಕಳನ್ನು ಮೊದಲು ಪಕ್ಕದ ಮನೆಗೆ ಸಾಗಹಾಕುತ್ತಾರೆ. ಮಗು ಹೆದರೀತು, ನೋಡುವುದು ಬೇಡ ಎನ್ನುತ್ತಾರೆ. ತಾತ ನಕ್ಷತ್ರವಾದರು ಎಂದು ಒಂದು ಸುಳ್ಳು ಹೇಳಿ ಮುಗಿಸುತ್ತಾರೆ. ಅದೇ ಮನೆಯ ಬಾಗಿಲಿಗೆ ಅಕ್ಟೋಬರಿನಲ್ಲಿ ತಲೆಬುರುಡೆ ತೂಗುಹಾಕಿ, ಅದೇ ಮಗುವನ್ನು ಅದರ ಕೆಳಗೆ ನಿಲ್ಲಿಸಿ, ನಗು ಎಂದು ಫೋಟೋ ತೆಗೆಯುತ್ತಾರೆ. ನಿಜವಾದ ಸಾವನ್ನು ಮರೆಮಾಡಿ ಸುಳ್ಳು ಸಾವನ್ನು ಮೆರೆಸುವ ಈ ವಿಪರೀತಕ್ಕೆ ನನ್ನ ವಿರೋಧ.

ಇನ್ನು ನನ್ನ ಎದುರು ಬರುವ ಒಂದು ಆಕ್ಷೇಪಣೆ ನಿಜವಾಗಿಯೂ ಗಟ್ಟಿಯಾದದ್ದು. ನೆರೆಯ ಮಹಿಳೆಯೊಬ್ಬರು ಅದನ್ನು ಹೀಗೆ ಮುಂದಿಟ್ಟರು: “ಮೇಷ್ಟ್ರೆ, ನಿಮ್ಮ ಪಿತೃಪಕ್ಷ ನಿಮ್ಮ ನಿಮ್ಮ ಮನೆಯೊಳಗೆ, ನಿಮ್ಮ ನಿಮ್ಮ ಜಾತಿಯ ಪದ್ಧತಿಯಂತೆ. ಅಲ್ಲಿಗೆ ನಾನು ಬರುವಂತಿಲ್ಲ, ನಮ್ಮ ಮನೆಗೆ ನೀವು ಬರುವುದಿಲ್ಲ. ಈ ಕಟ್ಟಡದಲ್ಲಿ ತಮಿಳರಿದ್ದಾರೆ, ಬಂಗಾಳಿಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಎಲ್ಲ ಮಕ್ಕಳೂ ಎಲ್ಲ ಬಾಗಿಲನ್ನೂ ತಟ್ಟಬಹುದಾದ ದಿನ ಇದೊಂದೇ. ಯಾರದೂ ಅಲ್ಲದ್ದರಿಂದ ಎಲ್ಲರದೂ ಆಯಿತು.” ಈ ಮಾತನ್ನು ತಳ್ಳಿಹಾಕುವಷ್ಟು ಜಂಬ ನನಗಿಲ್ಲ. ನಮ್ಮ ಹಬ್ಬಗಳ ಬಾಗಿಲು ಕಿರಿದು ಎಂಬುದು ಸತ್ಯ. ಹ್ಯಾಲೊವೀನ್ ಒಳಗೆ ಬಂದದ್ದು ನಾವೇ ಖಾಲಿ ಬಿಟ್ಟ ಜಾಗದಿಂದ.

ಆದರೆ ಮನೆ ಮನೆಗೆ ಹೋಗುವ ಹಬ್ಬವೇ ನಮ್ಮಲ್ಲಿ ಇರಲಿಲ್ಲವೆ? ಮಲೆನಾಡಿನಲ್ಲಿ ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ-ಪಂಟಿಗೆಯವರು ಹಾಡುತ್ತ ದೀಪ ಹೊತ್ತು ಬರುತ್ತಾರೆ. ಕತ್ತಲೆಯ ಕಾಡುದಾರಿಯಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ನಡೆದು ಬಂದು, ಬಾಗಿಲಲ್ಲಿ ನಿಂತು ಹಾಡುತ್ತಾರೆ. ಮನೆಯವರು ಅವರ ದೀಪಕ್ಕೆ ಎಣ್ಣೆ ಎರೆದು, ಅಕ್ಕಿ ಕಾಯಿ ಕಾಸು ಕೊಡುತ್ತಾರೆ. ಉತ್ತರ ಕರ್ನಾಟಕದಲ್ಲಿ ದೀಪಾವಳಿಗೆ ದನಕಾಯುವ ಹುಡುಗರು ಆಣೀಪೀಣಿ ಹಾಡಿಕೊಂಡು ಮನೆ ಮನೆಗೆ ಹೋಗುತ್ತಾರೆ. ಇವನ್ನೇ ಎತ್ತಿ ತಂದು ಹದಿನಾಲ್ಕನೆಯ ಅಂತಸ್ತಿನಲ್ಲಿ ಇಡಿ ಎಂದು ನಾನು ಹೇಳುವುದಿಲ್ಲ. ಲಿಫ್ಟಿನಲ್ಲಿ ಬರುವ ಅಂಟಿಗೆ-ಪಂಟಿಗೆಯೂ ಬಾಡಿಗೆಯ ವೇಷವೇ ಆದೀತು. ಆದರೆ ಇವೆರಡೂ ಒಂದು ಮಾತು ಹೇಳುತ್ತವೆ: ಬಾಗಿಲಿಗೆ ಬಂದವನು ಏನನ್ನಾದರೂ ತಂದಿರಬೇಕು. ಅವರು ದೀಪ ತಂದರು, ಹಾಡು ತಂದರು; ಇಂಗ್ಲೆಂಡಿನ ಬಡವನು ಪ್ರಾರ್ಥನೆ ತಂದ. ನಮ್ಮ ಮಕ್ಕಳ ಕೈಗೆ ನಾವು ಖಾಲಿ ಬುಟ್ಟಿ ಕೊಟ್ಟು ಕಳಿಸುತ್ತಿದ್ದೇವೆ. ಎಲ್ಲರೂ ಸೇರಬೇಕೆಂಬ ಆಸೆ ಒಳ್ಳೆಯದೇ. ಆದರೆ ಏನೂ ಇಲ್ಲದ್ದರ ಸುತ್ತ ಎಷ್ಟು ಜನ ಸೇರಿದರೇನು?

ಟೀಕೆ ಮಾಡಿ ಕೈ ತೊಳೆದುಕೊಳ್ಳುವುದು ಸುಲಭ. ಒಂದು ಸಲಹೆಯನ್ನೂ ಕೊಡುತ್ತೇನೆ. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಎಂ. ಆರ್. ಜೇಮ್ಸ್ ಎಂಬ ವಿದ್ವಾಂಸರಿದ್ದರು. ಮಧ್ಯಯುಗದ ಹಸ್ತಪ್ರತಿಗಳ ಸೂಚಿ ತಯಾರಿಸುವುದು ಅವರ ಕಸುಬು. ಹವ್ಯಾಸಕ್ಕಾಗಿ ಅವರು ದೆವ್ವದ ಕಥೆ ಬರೆದು, ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಗೆಳೆಯರನ್ನು ಕೂಡಿಸಿಕೊಂಡು ಓದುತ್ತಿದ್ದರು. 1904ರಲ್ಲಿ ಅವು ಪುಸ್ತಕವಾಗಿ ಬಂದವು. ಇಂದಿಗೂ ಜನ ಓದಿ ಹೆದರುತ್ತಾರೆ. ಏಕೆಂದರೆ ಅವರ ದೆವ್ವಗಳು ಅವರು ಬಲ್ಲ ಗ್ರಂಥಾಲಯದಲ್ಲಿ, ಅವರು ನಡೆದಾಡಿದ ಚರ್ಚಿನಲ್ಲಿ, ಅವರ ಕೈಯಲ್ಲಿದ್ದಂಥ ಹಳೆಯ ಪುಸ್ತಕದಲ್ಲಿ ಇದ್ದವು. ಆಮದು ಮಾಡಿಕೊಳ್ಳಲೇಬೇಕೆಂದಿದ್ದರೆ ಈ ಪದ್ಧತಿಯನ್ನು ಆಮದು ಮಾಡಿಕೊಳ್ಳಿ. ಅದಕ್ಕೆ ಸುಂಕವಿಲ್ಲ. ವರ್ಷಕ್ಕೊಂದು ಸಂಜೆ ಸಭಾಂಗಣದ ದೀಪ ಆರಿಸಿ, ಒಂದೇ ಒಂದು ದೀಪ ಉಳಿಸಿ. ಪ್ರತಿ ಮನೆಯಿಂದ ಒಬ್ಬರು, ತಮ್ಮ ಮನೆಯಲ್ಲಿ ತೀರಿಕೊಂಡ ಒಬ್ಬರ ಕಥೆಯನ್ನು ಹತ್ತು ನಿಮಿಷದಲ್ಲಿ ಹೇಳಲಿ. ತಮಿಳರು ತಮ್ಮ ಪಾಟಿಯ ಕಥೆ ಹೇಳಲಿ, ಬಂಗಾಳಿಗಳು ತಮ್ಮ ದೀದಿಮಾಳ ಕಥೆ, ಮುಸಲ್ಮಾನರು ತಮ್ಮ ನಾನಿಯ ಕಥೆ ಹೇಳಲಿ. ಸಾವಿಗೆ ಜಾತಿಯಿಲ್ಲ, ನೆನಪಿಗೆ ಮಡಿಯಿಲ್ಲ. ಯಾರದೂ ಅಲ್ಲದ ಹಬ್ಬಕ್ಕಿಂತ ಎಲ್ಲರೂ ತಮ್ಮದನ್ನು ತಂದ ಹಬ್ಬ ಹೆಚ್ಚು ಸಾರ್ವಜನಿಕವಾದದ್ದು. ಬೇಕಾದರೆ ಅದಕ್ಕೆ ಹ್ಯಾಲೊವೀನ್ ಎಂದೇ ಹೆಸರಿಡಿ, ಹೆಸರಿಗಾಗಿ ನಾನು ಜಗಳವಾಡುವುದಿಲ್ಲ. ಐರ್ಲೆಂಡಿನ ರೈತನೊಬ್ಬ ಎದ್ದು ಬಂದರೆ ಮಾಲಿಗಿಂತ ಅಲ್ಲಿಯೇ ಅವನಿಗೆ ಹೆಚ್ಚು ಪರಿಚಿತವೆನಿಸೀತು.

ಇದನ್ನು ಮಾಡಲು ಹಣ ಬೇಡ, ಹವ್ಯಾಸ ಬೇಕು. ಹವ್ಯಾಸವೆಂದರೆ ಯಾರೂ ಹೇಳದೆ, ಯಾರೂ ಸಂಬಳ ಕೊಡದೆ, ನಮ್ಮ ಕೈಯಿಂದ ನಾವೇ ಮಾಡುವ ಕೆಲಸ. ಟರ್ನಿಪ್ ಗೆಡ್ಡೆ ಕೊರೆದವನಿಗೂ ಅದಿತ್ತು, ರಾತ್ರಿ ಕುಳಿತು ಕಥೆ ಬರೆದ ಅಧಿಕಾರಿಗೂ ಅದಿತ್ತು, ಖಾಲಿ ಕೋಣೆಯ ವಾರ್ತೆಯ ಬಗ್ಗೆ ಬರೆದ ಹುಡುಗನಿಗೂ ಅದಿದೆ. ಅವನ ತಾಯಿತಂದೆಯರು ಈ ಲೇಖನ ಓದಿದರೆ ನನ್ನದೊಂದು ಬೇಡಿಕೆ: ಆ ಒಂದು ಪುಟವನ್ನು ಎಸೆಯಬೇಡಿ.

ಈ ವರ್ಷವೂ ಅಕ್ಟೋಬರ್ 31ರಂದು ಮಕ್ಕಳು ನನ್ನ ಬಾಗಿಲು ತಟ್ಟುತ್ತಾರೆ. ನಾನು ಬಾಗಿಲು ತೆರೆಯುತ್ತೇನೆ, ಚಾಕೊಲೇಟು ಕೊಡುತ್ತೇನೆ. ಹಬ್ಬದ ಮೇಲಿನ ಸಿಟ್ಟನ್ನು ಮಕ್ಕಳ ಮೇಲೆ ತೀರಿಸುವಷ್ಟು ಮೂರ್ಖತನ ಮೇಷ್ಟ್ರಾದವನಿಗೆ ಇರಬಾರದು. ಆದರೆ ಕೊಡುವ ಮುಂಚೆ ಒಂದು ಪ್ರಶ್ನೆ ಕೇಳುತ್ತೇನೆ: “ನೀನು ಯಾರ ದೆವ್ವ, ಮರಿ?” ಸುಮ್ಮನೆ ಹಲ್ಲು ಕಿರಿದವರಿಗೆ ಒಂದು ಚಾಕೊಲೇಟು. ಹೆಸರು ಹೇಳಿದವರಿಗೆ ಎರಡು.